ಕಾಲೇಜು ನೋಡಲು ಹೋಗಿ ವರ ತಂದದ್ದು

ಹೆಣ್ಣು ಕೊಡುವ ಮನೆಯ ಬಗ್ಗೆ ನಾವು ಎಷ್ಟೊಂದು ವಿಚಾರಿಸುತ್ತೇವೆ! ಹುಡುಗ ಕುಡಿಯುತ್ತಾನೆಯೇ, ಅವನ ತಾಯಿ ಜಗಳಗಂಟಿಯೇ, ಅವರ ಬಾವಿಗೆ ಬೇಸಿಗೆಯಲ್ಲಿ ನೀರಿರುತ್ತದೆಯೇ, ಎಲ್ಲವನ್ನೂ ಮೂರನೆಯವರ ಬಾಯಿಂದ ತಿಳಿದುಕೊಳ್ಳುತ್ತೇವೆ. ಅದೇ ಮಗಳನ್ನು ಮೂರು ವರ್ಷ ಒಂದು ಕಾಲೇಜಿಗೆ ಒಪ್ಪಿಸುವಾಗ ಮಾತ್ರ ಕಟ್ಟಡದ ಸುಣ್ಣಬಣ್ಣ ನೋಡಿ ತಲೆಯಾಡಿಸಿ ಬರುತ್ತೇವೆ. ನಾನು ಹಾಗೆ ಮಾಡಬಾರದೆಂದು ನಿಶ್ಚಯಿಸಿದೆ. ನನ್ನ ಕಷ್ಟಗಳೆಲ್ಲ ಹೀಗೆ ಒಳ್ಳೆಯ ನಿಶ್ಚಯಗಳಿಂದಲೇ ಶುರುವಾಗುತ್ತವೆ.

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಮಗಳು ಶೋಭಾ ಪಿಯುಸಿ ಮುಗಿಸಿದ್ದಳು. ನಾನೂರು ಮೀಟರ್ ಓಟದಲ್ಲಿ ಅವಳನ್ನು ಹಿಡಿಯುವವರು ತಾಲ್ಲೂಕಿನಲ್ಲೇ ಇರಲಿಲ್ಲ. ಬಸವನ ಬಾಗೇವಾಡಿಯಲ್ಲಿ ಆಟೋಟಕ್ಕೆ ಹೆಸರಾದ ಕಾಲೇಜೊಂದಿತ್ತು. ಅಲ್ಲಿಗೇ ಹೋಗಬೇಕೆಂದು ಅವಳ ಹಟ. ನಮ್ಮ ಸಿಂದಗಿಯಲ್ಲೇ ಓದಿಗೆ ಹೆಸರಾದ ಇನ್ನೊಂದಿತ್ತು; ಮನೆಯಲ್ಲಿ ಉಂಡು ನಡೆದು ಹೋಗಿ ಬರಬಹುದು. ಬಾಗೇವಾಡಿಯೆಂದರೆ ಹಾಸ್ಟೆಲ್, ಬೂಟು, ಹಾಲು, ಬಾಳೆಹಣ್ಣಿನ ಖರ್ಚು. ಓಡುವವರ ಹಸಿವೇ ಬೇರೆ. ಶೋಭಾ ಓಡಿ ಬಂದು ಊಟಕ್ಕೆ ಕುಳಿತಳೆಂದರೆ ರೊಟ್ಟಿಬುಟ್ಟಿಯ ತಳ ಕಾಣುತ್ತಿತ್ತು. ನಮ್ಮ ಜೊತೆಗೇ ಇದ್ದ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ಮೂರನೆಯ ದಾರಿ ತೋರಿಸಿದರು: “ಎರಡೂ ಬ್ಯಾಡ. ಓಡಿದ್ದು ಸಾಕು, ಚೊಲೊ ಮನಿ ನೋಡಿ ಮದುವಿ ಮಾಡ್ರಿ.” ನಾನು ಬೇಗ ತೀರ್ಮಾನಿಸದಿದ್ದರೆ ಅವರೇ ತೀರ್ಮಾನಿಸುವ ಲಕ್ಷಣವಿತ್ತು. ಶೋಭಾ ಎದುರಾಡಲಿಲ್ಲ, ರೊಟ್ಟಿ ತಿನ್ನುವುದನ್ನು ಕಡಿಮೆ ಮಾಡಿದಳು.

ಮೊದಲು ಸಿಂದಗಿಯ ಕಾಲೇಜಿಗೆ ಹೋದೆ. ರ‍್ಯಾಂಕ್ ಬಂದವರ ಫೋಟೋಗಳಿಗೆ ಗಂಧದ ಹಾರ ಹಾಕಿ ಎತ್ತರದಲ್ಲಿ ತೂಗುಹಾಕಿದ್ದರು. ತೀರಿಕೊಂಡವರೆಂದು ತಿಳಿದು ಕೈ ಮುಗಿದೆ. ಬಾಗೇವಾಡಿಯಲ್ಲಿ ಗೆದ್ದ ಕಪ್‌ಗಳ ಕಪಾಟು. ಯಾವುದು ಯಾವ ವರ್ಷದ್ದೆಂದು ಪ್ರಾಚಾರ್ಯರು ನಿದ್ದೆಯಲ್ಲೂ ಹೇಳಬಲ್ಲವರು. “ಇದನ್ನ ಗೆದ್ದಾಕಿ ಈಗ ಏನ್ ಮಾಡ್ತಾಳ್ರಿ?” ಎಂದೆ. “ಮದುವಿ ಆಗಿರಬೇಕ್ರಿ” ಎಂದರು. ಖರ್ಚೆಷ್ಟೆಂದು ಎರಡೂ ಕಡೆ ಪಟಪಟನೆ ಹೇಳಿದರು. ಅಷ್ಟು ಖರ್ಚು ಮಾಡಿದ ಮಕ್ಕಳು ಮುಂದೆ ಏನಾದರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಇನ್ನು ವರನನ್ನು ವಿಚಾರಿಸುವ ಹಳೆಯ ಪದ್ಧತಿಯೇ ಗತಿ ಎಂದುಕೊಂಡು ಬಾಗೇವಾಡಿಯ ಬಸ್‌ಸ್ಟ್ಯಾಂಡ್ ಎದುರಿನ ಚಹಾದಂಗಡಿಯಲ್ಲಿ ಕುಳಿತೆ. “ಇಲ್ಲೆ ಓಡಿ ಕಪ್ ಗೆದ್ದ ಹುಡುಗೂರು ಈಗ ಹೆಂಗದಾರ್ರಿ? ನೌಕರಿ ಹತ್ತೈತೇನು?” ಎಂದು ಕೇಳಿದೆ.

ಅಂಗಡಿಯವರು ಗ್ಲಾಸು ತೊಳೆಯುವುದನ್ನು ನಿಲ್ಲಿಸಿದರು. “ಒಬ್ಬಾಂವ ಅದಾನ್ರಿ. ಪೊಲೀಸ್ ಆಗ್ಯಾನ. ಚಹಾ ಬಿಟ್ರ ಏನೂ ಕುಡಿಯಂಗಿಲ್ಲ. ನಿಮ್ಮ ಮಗಳು ಎಷ್ಟ ಓದ್ಯಾಳ?”

“ಪಿಯುಸಿ.”

“ಎತ್ತರ?”

ಆಟೋಟ ಬಲ್ಲವರು ಎಂದು ನನಗೆ ಖುಷಿಯಾಯಿತು. ಎತ್ತರ ಹೇಳಿದೆ. ವಿಳಾಸ ಕೇಳಿದರು, ಅದನ್ನೂ ಹೇಳಿದೆ. ಆ ಹುಡುಗ ಕಾಗದ ಬರೆದು ಕಾಲೇಜಿನ ವಿಷಯವೆಲ್ಲ ತಿಳಿಸುತ್ತಾನೆಂದುಕೊಂಡೆ.

ಮುಂದಿನ ರವಿವಾರ ಅವನೇ ಬಂದ. ಜೊತೆಗೆ ಅವನ ಅಪ್ಪ, ಅವ್ವ, ಸೋದರಮಾವ ಮತ್ತು ಆ ಚಹಾದಂಗಡಿಯವರು. ಜೀಪಿನಿಂದಿಳಿದವರೇ, “ಹುಡುಗೀನ ಕರೀರಿ” ಎಂದರು. ಅತ್ತೆಯವರ ಮುಖ ಅರಳಿದ್ದನ್ನು ನೋಡಬೇಕಿತ್ತು. ಹೆಂಡತಿ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, “ನೀವು ಕಾಲೇಜ್ ನೋಡಾಕ ಹೋಗಿದ್ರ್ಯೋ, ವರ ನೋಡಾಕ ಹೋಗಿದ್ರ್ಯೋ?” ಎಂದು ಹಲ್ಲು ಕಡಿದಳು. ನಾನು ಕುದಿಯುವ ಉಪ್ಪಿಟ್ಟಿನ ಕಡೆ ನೋಡುತ್ತ ನಿಂತೆ.

ಶೋಭಾ ಸೀರೆಯುಟ್ಟು ಬಂದು, ಚಹಾ ಕೊಟ್ಟು, ಹುಡುಗನ ಎದುರಿಗೇ ಕುಳಿತಳು. “ನಿಮ್ಮ ಕಾಲೇಜಿನ ಹಾಸ್ಟೆಲ್ ಹೆಂಗೈತ್ರಿ? ಪರೀಕ್ಷಾ ಬಂದ್ರೂ ಓಡಸ್ತಾರೇನ್ರಿ?” ಎಂದಳು. ಬೆವರುತ್ತ ಕುಳಿತಿದ್ದ ಹುಡುಗನಿಗೆ ಜೀವ ಬಂತು.

“ಸಾರು ಬರೇ ನೀರ್ರಿ. ಆದ್ರ ಮಾಸ್ತರು ಬಂಗಾರದಂಥವರು. ಪರೀಕ್ಷಾ ಇದ್ದಾಗ ಗ್ರೌಂಡಿಗೆ ಕಾಲಿಡಾಕ ಬಿಡಂಗಿಲ್ಲ. ನನ್ನ ಗೆಳೆಯಂದು ಮೊಣಕಾಲು ಹೋತ್ರಿ. ಓದಿದ್ದ ಅಂತ ಇವತ್ತ ಸಾಲಿ ಮಾಸ್ತರ ಆಗ್ಯಾನ. ಓಡ್ರಿ, ಆದ್ರ ಓದೂದು ಬಿಡಬ್ಯಾಡ್ರಿ.”

ನಾನು ಎರಡು ಊರು ಅಲೆದು ಪಡೆಯದ ಉತ್ತರವನ್ನು ಅವಳು ಒಂದು ಕಪ್ ಚಹಾ ಕೊಟ್ಟು ಪಡೆದಿದ್ದಳು. ಅಷ್ಟಕ್ಕೇ ನಿಲ್ಲಿಸದೆ ಆ ಪುಣ್ಯಾತ್ಮ, “ಮದುವಿಗೆ ಏನ್ ಅವಸರ ಐತ್ರಿ? ಮೊದಲ ಕಾಲೇಜಿಗೆ ಹೋಗ್ರಿ” ಎಂದುಬಿಟ್ಟ. ಅವನ ಅಪ್ಪನಿಗೆ ಚಹಾ ನೆತ್ತಿಗೇರಿತು. ವರನೇ ಹಾಗೆಂದ ಮೇಲೆ ಅತ್ತೆಯವರೂ ಮದುವೆಯ ಮಾತು ಬಿಟ್ಟರು. ಅಂದು ಮಧ್ಯಾಹ್ನ ರೊಟ್ಟಿಬುಟ್ಟಿ ಮತ್ತೆ ಬರಿದಾಯಿತು. ನನ್ನ ಹೊಟ್ಟೆ ತುಂಬಿತು.

ಶೋಭಾಳನ್ನು ಬಾಗೇವಾಡಿಯ ಹಾಸ್ಟೆಲ್ಲಿಗೆ ಬಿಟ್ಟು ಬರುವಾಗ ಚಹಾದಂಗಡಿಯವರು ನನ್ನನ್ನು ಕರೆದು ಕೂರಿಸಿದರು. ಗಂಡಿನ ಕಡೆಯವರೂ ಸಿಂದಗಿಯಲ್ಲಿ ನನ್ನ ಬಗ್ಗೆ ಚೆನ್ನಾಗಿ ವಿಚಾರಿಸಿದ್ದರಂತೆ. “ಹುಡುಗಿ ಪಸಂದ್ ಆಗ್ಯಾಳ್ರಿ. ಮೂರು ವರ್ಷ ಕಾಯಾಕ ಹುಡುಗಂದೂ ತಕರಾರಿಲ್ಲ. ಆದ್ರ ಅವರಪ್ಪ ಒಲ್ಲೆ ಅಂತಾರ. ತಾನು ಏನ್ ಹುಡುಕಾಕ ಹೊಂಟೇನಿ ಅನ್ನೂದು ಗೊತ್ತಿಲ್ಲದ ಮನಷ್ಯಾನ ಜೋಡಿ ಬೀಗತನ ಹೆಂಗ ಮಾಡೂದು ಅಂತಾರ.”

ಎರಡು ಕಾಲೇಜು, ಒಬ್ಬ ವರ, ಇಷ್ಟನ್ನೂ ತೂಗಿ ನೋಡಿದ ಆ ಬೇಸಿಗೆಯಲ್ಲಿ ನಪಾಸಾದವನು ನಾನೊಬ್ಬನೇ. ಮನೆಗೆ ಬಂದು ನಗುತ್ತಲೇ ಹೇಳಿದೆ. ಅತ್ತೆಯವರು ಮಾತ್ರ ನಗಲಿಲ್ಲ. “ಹುಡುಗನ ಅಪ್ಪ ಎಷ್ಟ ಶ್ಯಾಣ್ಯಾ ಮನಷ್ಯಾ ನೋಡು! ಒಂದ ದಿನದಾಗ ತಿಳಕೊಂಡ. ನಾವು ಇಪ್ಪತ್ತು ವರ್ಷದ ಹಿಂದ ಇಂಥವರನ್ನ ಕಳಿಸಿ ವಿಚಾರ ಮಾಡಸಬೇಕಾಗಿತ್ತು” ಎಂದು ತಮ್ಮ ಮಗಳ ಮುಖ ನೋಡಿದರು.