ಅವ್ವಲ್ ದರ್ಜೆಯ ಲಕ್ಷ್ಮಿ

ಹೊಸ ವಸ್ತುವೊಂದು ಮನೆಗೆ ಬಂದರೆ ಉಳಿದವರ ಕಣ್ಣಿಗೆ ಅದರ ಚೆಲುವು ಕಾಣುತ್ತದೆ. ನನ್ನ ಕಣ್ಣಿಗೆ ಮೊದಲು ಕಾಣುವುದು ಅದು ಹಾಳಾಗುವ ದಾರಿ. ಬಣ್ಣದ ಟೀವಿ ಬಂದ ದಿನ ಮನೆಮಂದಿಯೆಲ್ಲ ಅದರ ಮುಂದೆ ಕೂತು ಚಿತ್ರ ನೋಡುತ್ತಿದ್ದರೆ, ನಾನು ಟೇಪು ಹಿಡಿದು ಅದರ ಹಿಂದೆ ನಿಂತು ಗೌಸಣಿಗೆ ಹೊಲಿಸಲು ಅಳತೆ ತೆಗೆಯುತ್ತಿದ್ದೆ. ನಮ್ಮ ರಿಮೋಟು ಇವತ್ತಿಗೂ ತನ್ನ ಪ್ಲಾಸ್ಟಿಕ್ ಚೀಲದಿಂದ ಹೊರಬಂದಿಲ್ಲ. ಅದರ ಅಂಕಿಗಳು ಹೊಸದರಂತೆಯೇ ಇವೆ. ಚೀಲದ ಮೇಲೆ ಅರಿಸಿನದ ಬೆರಳು ಮೂಡಿ ಅವು ಯಾರಿಗೂ ಕಾಣುವುದಿಲ್ಲ, ಅಷ್ಟೇ. ಸೋಫಾ ಕೊಂಡಾಗ ಅದರ ಮೇಲಿನ ಪ್ಲಾಸ್ಟಿಕ್ ಹರಿಯಲು ಯಾರನ್ನೂ ಬಿಡಲಿಲ್ಲ. ನಮ್ಮ ಹುಮನಾಬಾದಿನ ಬೇಸಿಗೆಯಲ್ಲಿ ಅದರ ಮೇಲೆ ಕೂತವರು ಏಳುವಾಗ ಚರ್ರನೆ ಸಪ್ಪಳವಾಗುತ್ತಿತ್ತು. "ಬೀಗರು ಎದ್ದು ಹೋಗಬಾರ್ದಂತ ನಿನ್ನ ಸೋಫಾನ ಹಿಡಕೊಂಡು ಕೂಡ್ತದ ನೋಡು" ಎಂದು ನಮ್ಮ ಯಜಮಾನರು ಬಂದವರೆದುರೇ ಅನ್ನುತ್ತಿದ್ದರು.

ಇಂಥವಳಿರುವ ಊರಿಗೆ, ತೊಂಬತ್ತರ ದಶಕದ ನಡುವೆ, ಲ್ಯಾಮಿನೇಶನ್ ಯಂತ್ರ ಬಂತು.

ಬಸ್ ಸ್ಟ್ಯಾಂಡಿನ ಎದುರಿನ ಫೋಟೋ ಸ್ಟುಡಿಯೋದವನು ಅದನ್ನು ತರಿಸಿದ್ದ. ಒಂದು ಕಡೆಯಿಂದ ಕಾಗದ ತೂರಿಸಿದರೆ ಇನ್ನೊಂದು ಕಡೆಯಿಂದ ಬೆಚ್ಚಗೆ, ಗಟ್ಟಿಯಾಗಿ, ಹೊಳೆಯುತ್ತ ಹೊರಬರುತ್ತಿತ್ತು. ನೀರು ಬಿದ್ದರೆ ಒರೆಸಿದರಾಯಿತು, ಹುಳ ಹತ್ತುವಂತಿಲ್ಲ, ಮಡಿಕೆ ಬೀಳುವಂತಿಲ್ಲ. ನನಗಂತೂ ನನ್ನ ಮನಸ್ಸನ್ನೇ ಯಾರೋ ಯಂತ್ರ ಮಾಡಿಟ್ಟಂತೆ ಅನ್ನಿಸಿತು. ಯಜಮಾನರ ಬಸ್ ಪಾಸು, ಮಗಳ ಬಾಲವಾಡಿಯ ಬಹುಮಾನ ಪತ್ರ, ಗೋಡೆಯ ಪಂಚಾಂಗ, ಎಲ್ಲವೂ ಅದರೊಳಗೆ ಹೋಗಿಬಂದವು. ಆಮೇಲೆ ಮನೆಯಲ್ಲಿ ಇನ್ನೇನು ಉಳಿದಿದೆ ಎಂದು ಹುಡುಕುತ್ತಿದ್ದಾಗ ಅತ್ತೆಯ ಲಕ್ಷ್ಮಿ ಕಣ್ಣಿಗೆ ಬಿದ್ದಳು.

ಆ ಲಕ್ಷ್ಮಿಯ ಬಗ್ಗೆ ಹೇಳಬೇಕು. ನಮ್ಮತ್ತೆ ಕಾಶಿಬಾಯಿಯ ತವರು ಬಸವಕಲ್ಯಾಣ. ಅವರ ಅಪ್ಪನದು ಬಟ್ಟೆ ಅಂಗಡಿ. ನಿಜಾಮರ ಕಾಲದಲ್ಲಿ ಗಿರಣಿಯಿಂದ ಬರುವ ಬಟ್ಟೆಯ ತಾನಿನ ಮೇಲೆ ಅಂಗೈಯಗಲದ ಬಣ್ಣದ ಚಿತ್ರ ಅಂಟಿಸಿರುತ್ತಿದ್ದರಂತೆ. ಓಣಿಯ ಹುಡುಗಿಯರು ಅದರ ಮೇಲೆ ಒದ್ದೆ ಅರಿವೆ ಹಾಕಿ, ಕಾದು ಕೂತು, ಹರಿಯದಂತೆ ಬಿಡಿಸಿ, ಗಂಜಿ ಹಚ್ಚಿ ರಟ್ಟಿಗೆ ಅಂಟಿಸಿಕೊಂಡು ಒಬ್ಬರಿಗೊಬ್ಬರು ಅದಲುಬದಲು ಮಾಡುತ್ತಿದ್ದರು. ಬರೀ ಅದಲುಬದಲಲ್ಲ, ಅದಕ್ಕೆ ದರ್ಜೆಯೂ ಇತ್ತು: ಅವ್ವಲ್, ದುಯ್ಯಂ, ಸೋಯಂ. ಒಂದು, ಎರಡು, ಮೂರು ಎಂದು ಶಾಲೆಯಲ್ಲಿ ಉರ್ದು ಮಾಸ್ತರರು ಹುಡುಗರನ್ನು ಕೂರಿಸಿದ ಹಾಗೆ. ಚಿತ್ರದ ಮೇಲೆ ಬಂಗಾರದ ಬಣ್ಣದ ಪುಡಿ ಇರುತ್ತಿತ್ತು. ಹೆಬ್ಬೆರಳಿನಿಂದ ಒಮ್ಮೆ ಉಜ್ಜಿದಾಗ ಬೆರಳಿಗೆ ಬಂಗಾರ ಹತ್ತಿದರೆ ಅದು ಅವ್ವಲ್. ಉಜ್ಜಿದವಳಾಗಲಿ ಚಿತ್ರದ ಒಡತಿಯಾಗಲಿ ತೀರ್ಪು ಹೇಳುವಂತಿಲ್ಲ. ಮೂರನೆಯವಳು ಬೆರಳು ನೋಡಿ ಹೇಳಬೇಕು. ಅವ್ವಲ್ ಹೌದೋ ಅಲ್ಲವೋ ಎಂದು ಪದೇ ಪದೇ ಉಜ್ಜಿ ಉಜ್ಜಿ ಎಷ್ಟು ಅವ್ವಲ್‌ಗಳು ದುಯ್ಯಂ ಆದವೋ ದೇವರೇ ಬಲ್ಲ.

ಅತ್ತೆಯ ಗೆಳತಿ ಗೌರಾಬಾಯಿ ತನ್ನ ಲಕ್ಷ್ಮಿಯನ್ನು ಕೊಟ್ಟು ಅತ್ತೆಯಿಂದ ಎರಡು ಚಿತ್ರ ತೆಗೆದುಕೊಂಡಿದ್ದಳು. ಕೊಟ್ಟ ಮೇಲೆ ಹೊಟ್ಟೆ ಉರಿಯಿತೇನೋ, ಸಿಟ್ಟಿಗೆ ರಟ್ಟಿನ ಮೂಲೆ ಕಚ್ಚಿ, "ಹೋಗ, ಅದು ದುಯ್ಯಂ ಅದ" ಅಂದಳಂತೆ. ಅತ್ತೆ "ಅವ್ವಲ್" ಅಂದರು. ಬಂಗಾರ ಹೋದೀತೆಂದು ಉಜ್ಜಲು ಕೊಡಲಿಲ್ಲ. ಇಬ್ಬರೂ ಮದುವೆಯಾದರು, ಮಕ್ಕಳನ್ನು ಹೆತ್ತರು, ಮೊಮ್ಮಕ್ಕಳನ್ನು ಕಂಡರು. ಜಗಳ ಮಾತ್ರ ಹಾಗೇ ಇತ್ತು. ಹೋಳಿಗೆ ಊಟದ ನಡುವೆಯೂ ಒಬ್ಬರು "ಅವ್ವಲ್" ಎಂದರೆ ಇನ್ನೊಬ್ಬರು "ದುಯ್ಯಂ" ಅನ್ನುತ್ತಿದ್ದರು.

ಇಷ್ಟೆಲ್ಲ ಗೊತ್ತಿದ್ದೂ ನಾನು ಆ ಲಕ್ಷ್ಮಿಯನ್ನು ಯಂತ್ರಕ್ಕೆ ಕೊಟ್ಟೆ. ಅತ್ತೆಗೆ ಆಶ್ಚರ್ಯ ಮಾಡೋಣ ಎಂದು ಕೇಳಲೂ ಇಲ್ಲ. ಹೊಳೆಯುವ ಲಕ್ಷ್ಮಿಯನ್ನು ಕೈಗಿತ್ತಾಗ ಅವರು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. "ಛಂದ ಆಗ್ಯಾದ" ಅಂದರು. ಆ ದನಿ, ನಾನು ಉಪ್ಪು ಮರೆತ ದಿನ ಸಾರಿನ ಬಗ್ಗೆ ಹೇಳುವ ದನಿ. ನನಗೆ ಆಗ ತಿಳಿಯಲಿಲ್ಲ.

ಕೆಲವು ವರ್ಷಗಳಲ್ಲಿ ಗೌರಾಬಾಯಿಯ ಕಣ್ಣು ಪೂರ್ತಿ ಹೋದವು. "ಒಮ್ಮೆ ತಗೊಂಡ ಬಾ ಕಾಶಿ, ಉಜ್ಜಿ ಫೈಸಲಾ ಮಾಡೇಬಿಡೂಣು" ಎಂದು ಹೇಳಿ ಕಳಿಸಿದರು. ಎಂದೂ ಒಪ್ಪದ ಅತ್ತೆ ಈ ಸಲ ಒಪ್ಪಿದರು. ಬಸವಕಲ್ಯಾಣಕ್ಕೆ ನಾನೂ ಜೊತೆಗೆ ಹೋದೆ. ಗೌರಾಬಾಯಿ ಜಗಲಿಯ ಮೇಲೆ ಕೂತು ಕೈಚಾಚಿ, ಅದನ್ನು ಹಿಡಿದು, ಮುಖ ಗಂಟಿಕ್ಕಿದರು.

"ಏನ ಕೊಟ್ಟಿ ಇದು? ನಿನ್ನ ರೇಷನ್ ಕಾರ್ಡೇನು?"

"ಲಕ್ಷ್ಮಿ ಅದಾಳ ಗೌರಿ."

"ಎಲ್ಲಿ ಲಕ್ಷ್ಮಿ? ಬರೇ ಜಾರಾಕತ್ತದ. ನಾ ಕಚ್ಚಿದ ಮೂಲಿನೂ ಕೈಗಿ ಹತ್ತವಲ್ದು. ಸೋಲ್ತೀನಂತ ಮುಸುಕು ಹಾಕಿ ತಂದಿಯೇನ?"

ಅತ್ತೆ ನನ್ನ ಕಡೆ ನೋಡಲಿಲ್ಲ. ನೋಡಿದ್ದರೇ ಒಳ್ಳೆಯದಿತ್ತು. ತಿರುಗಿ ಬರುವಾಗ ಬಸ್ಸು ಸಸ್ತಾಪುರ ಬಂಗ್ಲಾ ದಾಟಿದ ಮೇಲೆ, "ಶಕ್ಕೂ, ಅದನ್ನ ಹೊರಗ ತೆಗಿ. ಮುಂದಿನ ಸರ್ತಿ ಬರೂದ್ರಾಗ ತೆಗಿ" ಅಂದರು.

ಸ್ಟುಡಿಯೋದವನ ಬಳಿ ಹೋದೆ. ಅವನು ನಕ್ಕ. "ಹಾಕೂದಷ್ಟ ನಮ್ಮ ಕೆಲಸ ಅಕ್ಕಾರ. ಬಿಚ್ಚೂ ಮಶೀನ ಇನ್ನಾ ಬಂದಿಲ್ರಿ." ಪಕ್ಕದ ಮನೆಯವರು ಶೇಂಗಾ ಎಣ್ಣೆ ಹಚ್ಚಿ ಅಂದರು. ಅತ್ತೆ ತಮ್ಮ ಹಳೆಯ ಪದ್ಧತಿಯನ್ನೇ ಹೇಳಿದರು: "ಒದ್ದಿ ಅರಿವಿ ಹಾಕಿ ಕಾಯವಾ." ಪ್ಲಾಸ್ಟಿಕ್ಕಿನೊಳಗೆ ನೀರು ಹೋಗುವುದಿಲ್ಲ ಎಂದು ಅವರಿಗೆ ತಿಳಿಸಿ ಹೇಳಿದೆ, ಹೋಗಬಾರದೆಂದೇ ಅಲ್ಲವೇ ನಾನು ಹಾಕಿಸಿದ್ದು. ಕೊನೆಗೆ ಇಸ್ತ್ರಿಯೇ ಸರಿ ಎಂದು ಯಜಮಾನರು ಹೇಳಿದರು. ನಾನು ದುಡುಕುವವಳಲ್ಲ. ಮೊದಲು ಅವರ ಹಳೆಯ ಬಸ್ ಪಾಸಿನ ಮೇಲೆ ಪರೀಕ್ಷೆ ಮಾಡಿದೆ. ಅಂಚು ಕತ್ತರಿಸಿ, ಮೇಲೆ ಅರಿವೆ ಹಾಸಿ, ಹದವಾಗಿ ಕಾಯಿಸಿ, ಕಾಗದವನ್ನು ನೆಲಕ್ಕೊತ್ತಿ ಹಿಡಿದು ಪ್ಲಾಸ್ಟಿಕ್ಕನ್ನಷ್ಟೇ ಹಿಂದಕ್ಕೆ ಮಡಚುತ್ತ ಎಳೆದೆ. ಬೇಯಿಸಿದ ಆಲೂಗಡ್ಡೆಯ ಸಿಪ್ಪೆಯಂತೆ ಬಂತು. ಪಾಸಿನಲ್ಲಿದ್ದ ಯಜಮಾನರ ಮುಖ, ಮೀಸೆ ಸಮೇತ, ಇದ್ದಲ್ಲೇ ಇತ್ತು. ಯಜಮಾನರು ಬಂದಷ್ಟು ಸಲೀಸಾಗಿ ಲಕ್ಷ್ಮಿ ಬರಲಾರಳು ಎಂಬ ಯೋಚನೆ ಬರಲೇ ಇಲ್ಲ.

ಲಕ್ಷ್ಮಿಯ ಹಿಂಬದಿಯ ಹಾಳೆ ಹಾಗೇ ಸುಲಿದು ಬಂತು. ಹಿಗ್ಗಿನಿಂದ ಅತ್ತೆಯನ್ನು ಕರೆದು ಎದುರಿಗೆ ಕೂರಿಸಿಕೊಂಡೆ. ಮುಂಬದಿಗೆ ಕೈಹಾಕಿದೆ. ಅದೂ ಬಂತು. ಸಣ್ಣ ಸಪ್ಪಳದೊಂದಿಗೆ, ಒಂದೇ ಎಳೆತಕ್ಕೆ, ಪೂರ್ತಿ ಬಂತು. ಆದರೆ ಲಕ್ಷ್ಮಿಯೂ ಅದರ ಕೂಡ ಬಂದುಬಿಟ್ಟಳು. ಬಂಗಾರ, ಮುಖ, ಕಮಲ, ಎರಡೂ ಆನೆ, ಎಲ್ಲವೂ ಪ್ಲಾಸ್ಟಿಕ್ಕಿಗೆ ಹತ್ತಿಕೊಂಡು ಹೋಗಿ, ನನ್ನ ಬಲಗೈಯ ಕೆಳಗೆ ಬೆಳ್ಳನೆಯ ಒರಟು ರಟ್ಟು ಉಳಿಯಿತು. ಮೂಲೆಯಲ್ಲಿ ಗೌರಾಬಾಯಿಯ ಹಲ್ಲಿನ ಗುರುತು. ಒಂದು ಆನೆಯ ಸೊಂಡಿಲಿನ ತುದಿ. ಅಷ್ಟೇ.

"ಇಸ್ತ್ರಿ ಬಂದ್ ಮಾಡು, ಅರಿವಿ ಸುಟ್ಟೀತು" ಎಂದು ಅತ್ತೆ ಎದ್ದು ಒಳಗೆ ಹೋದರು. ಬೈದಿದ್ದರೆ ಎದುರುತ್ತರ ಕೊಟ್ಟಾದರೂ ಹಗುರಾಗುತ್ತಿದ್ದೆ.

ಆದರೂ ಬಸವಕಲ್ಯಾಣಕ್ಕೆ ಹೋಗಲೇಬೇಕೆಂದರು. ಉಜ್ಜಲು ಕೊಡುತ್ತೇನೆಂದು ಗೆಳತಿಗೆ ಕೊಟ್ಟ ಮಾತು. ಗೌರಾಬಾಯಿಯ ಕೈಗೆ ಆ ಬರೀ ರಟ್ಟು ಕೊಟ್ಟಾಗ ಅವರ ಬೆರಳು ಸುತ್ತೆಲ್ಲ ತಡವಿ ಮೂಲೆಗೆ ಬಂದು ನಿಂತಿತು. ಮುಖ ಹುಡುಗಿಯ ಮುಖವಾಯಿತು. "ಹಾಂ! ಇದ ನೋಡು, ನನ್ನ ಹಲ್ಲು!" ಎಂದು ನಕ್ಕರು. ಈಗ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಆಮೇಲೆ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು, ಒಂದೇ ಸಲ, ಮೆಲ್ಲಗೆ ಉಜ್ಜಿ, ಬೆರಳೆತ್ತಿ ಹಿಡಿದರು.

"ಬಂತೇನು?"

"ಇಲ್ಲ ಗೌರಿ. ನೀನ ಗೆದ್ದಿ. ದುಯ್ಯಂ ಅದ" ಎಂದರು ಅತ್ತೆ.

"ಏ, ಚಿತ್ರದಾಕಿ ಹೇಳಬಾರ್ದು. ಕಾಯದಾ ಮರ್ತಿಯೇನು? ನಿನ್ನ ಸೊಸಿ ಹೇಳ್ಲಿ."

ನಾನು ಎಲ್ಲವನ್ನೂ ಹೇಳಿಬಿಡಲು ಬಾಯಿ ತೆರೆದೆ. ಅತ್ತೆ ಜಗಲಿಯ ಕೆಳಗೆ ನನ್ನ ಕಾಲು ತುಳಿದರು, ಗಟ್ಟಿಯಾಗಿಯೇ ತುಳಿದರು. "ಬಂದಿಲ್ರಿ" ಎಂದೆ. ಅದು ನಿಜವೇ ಆಗಿತ್ತು. ಅಷ್ಟು ದೊಡ್ಡ ಸುಳ್ಳನ್ನು ನಾನು ಮತ್ತೆಂದೂ ಹೇಳಿಲ್ಲ.

ಗೌರಾಬಾಯಿ ಕುಣಿದಾರೆಂದುಕೊಂಡಿದ್ದೆ. ಅವರು ಎತ್ತಿದ ಬೆರಳನ್ನು ಮೆಲ್ಲಗೆ ಮಡಚಿಕೊಂಡರು. "ಖರೇ ಹೇಳ್ಲೇನ ಕಾಶಿ? ಅದು ಅವ್ವಲ್ ಅಂತ ನನಗ ಗೊತ್ತಿತ್ತು. ಹೊಟ್ಟಿಕಿಚ್ಚಿಗಿ ದುಯ್ಯಂ ಅಂದಿದ್ದೆ. ಈಗ ನೋಡಿದ್ರ ನಾ ಅಂದದ್ದ ಖರೇ ಆತಲ್ಲ!" ಗೆದ್ದವರ ದನಿ ಅಷ್ಟು ಸೋತದ್ದನ್ನು ನಾನು ಕೇಳಿರಲಿಲ್ಲ. ಅತ್ತೆ ಮಾತ್ರ ಚುರುಮುರಿಯ ಸುಸಲಾ ಬಾಯಿಗೆ ಹಾಕಿಕೊಳ್ಳುತ್ತ, "ನಿನ್ನ ಬಾಯಾಗಿನ ವಿಷ ಬಿಡು, ಅಂದದ್ದ ಆಗ್ತದ" ಎಂದು ಅವರನ್ನು ನಗಿಸಿದರು.

ಬಸ್ಸಿನಲ್ಲಿ ಕೇಳಿದೆ. "ಅತ್ತೀ, ನಾ ಹಾಳ ಮಾಡಿದ್ದು ಅಂತ ಯಾಕ ಹೇಳಗೊಡಲಿಲ್ಲ?"

"ಲಕ್ಷ್ಮಿ ದುಯ್ಯಂ ಆದ್ರ ನಡೀತದ. ಗೌರಿ ಮುಂದ ನನ್ನ ಸೊಸಿ ದುಯ್ಯಂ ಆಗಬಾರ್ದು." ಆಮೇಲೆ ಸೇರಿಸಿದರು: "ಮನ್ಯಾಗ ನೀ ಸೋಯಂ ಅಂತ ನನಗ ಗೊತ್ತದ, ಅದು ಬ್ಯಾರೆ ಮಾತು."

ಈಗ ಆ ಗೆಳತಿಯರಿಬ್ಬರೂ ಇಲ್ಲ. ಪ್ಲಾಸ್ಟಿಕ್ ಹಾಳೆಯನ್ನು ಮಾತ್ರ ನಾನು ಎಸೆದಿಲ್ಲ. ಬಿಸಿಲಿಗೆ ಹಿಡಿದರೆ ಲಕ್ಷ್ಮಿ ನಿಚ್ಚಳವಾಗಿ ಕಾಣುತ್ತಾಳೆ. ಬಂಗಾರ ಒಂದು ಚೂರೂ ಉದುರಿಲ್ಲ. ಅವ್ವಲ್ ಎನ್ನುವುದರಲ್ಲಿ ಅನುಮಾನವೇ ಇಲ್ಲ. ಆದರೆ ಎಷ್ಟು ಉಜ್ಜಿದರೂ ಬೆರಳು ಜಾರುತ್ತದೆಯೇ ಹೊರತು ಏನೂ ಹತ್ತುವುದಿಲ್ಲ. ಯಾರ ಬೆರಳೂ ತಾಗದೆ ಭದ್ರವಾಗಿರಲಿ ಎಂದು ನಾನು ಬಯಸಿದ್ದು ಇದನ್ನೇ ತಾನೆ. ಮೊನ್ನೆ ದೀಪಾವಳಿಗೆ ಕಪಾಟು ಒರೆಸುವಾಗ ಅದರ ಮೇಲೆ ಧೂಳು ಕೂತಿದ್ದು ಕಂಡಿತು. ಒರೆಸಿ, ಹಾಳಾಗದಿರಲಿ ಎಂದು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟೆ.