ಸೀರೆಯ ಮೇಲೆ ರಾಗಿ ಸುರಿಯುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮ ಬರುವುದು ಕಂಡರೆ ಶಿರಾದಿಂದ ಪಾವಗಡದವರೆಗಿನ ಜವಳಿ ಅಂಗಡಿಯವರೆಲ್ಲ ಬಾಗಿಲು ಅರ್ಧ ಎಳೆದುಕೊಳ್ಳುತ್ತಾರೆ! ಅವಳೇನು ಜಗಳಗಂಟಿಯಲ್ಲ. ಸೆರಗಿನ ತುದಿಗೆ ಮೂರು ಪುಟ್ಟ ಗಂಟು ಕಟ್ಟಿಕೊಂಡಿರುತ್ತಾಳೆ, ಅಷ್ಟೇ. ಒಂದರಲ್ಲಿ ರಾಗಿ, ಒಂದರಲ್ಲಿ ಕಡಲೆಬೀಜ, ಇನ್ನೊಂದರಲ್ಲಿ ಗೋಧಿ.

ಅವಳ ಪ್ರಕಾರ ಮನುಷ್ಯರ ಮೈಬಣ್ಣ ಈ ಮೂರೇ. ಉಡುವವರ ಬಣ್ಣದ ಕಾಳನ್ನು ಬಟ್ಟೆಯ ಮೇಲೆ ಸುರಿಯಬೇಕು. ಕಾಳಿಗೆ ಕಳೆ ಬಂದರೆ ಕೊಳ್ಳಬೇಕು, ಮಂಕಾದರೆ ಮಡಿಸಿಡಬೇಕು. ಸುರಿಯುವುದಾದರೂ ಎಲ್ಲಿ? ಅಂಗಡಿಯ ದೀಪದಡಿಯಲ್ಲ, ಹೊರಗಿನ ಬಿಸಿಲಿನಲ್ಲಿ!

"ಅಮ್ಮಾ, ಇದು ರೇಷ್ಮೆ, ರಾಗಿ ಕಣ ಅಲ್ಲ" ಎಂದು ಶಿರಾದ ಅಂಗಡಿಯವರೊಬ್ಬರು ಅಂಗಲಾಚಿದರು.

"ರೇಷ್ಮೆ ಆದ್ರೇನಪ್ಪ, ಉಡೋರು ಮನುಷ್ರೇ ಅಲ್ವಾ?"

ಅರ್ಧ ರಾಗಿ ಸೀರೆಯ ಮಡಿಕೆಯಲ್ಲೇ ಉಳಿಯಿತು. ನಾವು ಮೆಟ್ಟಿಲಿಳಿಯುವಷ್ಟರಲ್ಲಿ ಇನ್ನೊಬ್ಬಾಕೆ ಅದೇ ಸೀರೆ ಬಿಚ್ಚಿ ಕೇಳಿದಳು: "ಸೀರೆ ಜತೆ ರಾಗಿನೂ ಕೊಡ್ತೀರಾ ಸಾವ್ಕಾರ್ರೇ?"

ನನ್ನನ್ನಾದರೂ ಬಿಟ್ಟಳೇ? ಐದಕ್ಕೆ ಏಳುವುದು, ಆರಕ್ಕೆ ನಡಿಗೆ, ವಾರಕ್ಕೆ ಇಸ್ತ್ರಿ ಮಾಡಿದ ಏಳು ಬಿಳಿ ಅಂಗಿ. ಇದು ನನ್ನ ನಲವತ್ತು ವರ್ಷಗಳ ಶಿಸ್ತು.

"ಲೇ, ನೀನು ಕಡಲೆಬೀಜ ಕಣ್ಲಾ. ಬಿಳೀದು ಹಾಕ್ಕಂಡ್ರೆ ಜರ ಬಂದೋನಂಗೆ ಕಾಣ್ತೀಯ. ಹಸಿರು ಹಾಕು!"

ಅವಳ ಕಾಟ ತಾಳಲಾರದೆ ಒಂದು ಬೆಳಿಗ್ಗೆ ಗಿಣಿಹಸಿರು ಅಂಗಿ ತೊಟ್ಟು ಮಧುಗಿರಿ ಬೆಟ್ಟದ ಬುಡದಲ್ಲಿ ನಡೆದೆ. ನಿತ್ಯ ನಮಸ್ಕರಿಸುವ ಗೆಳೆಯರು ಗುರುತು ಸಿಗದೆ ದಾಟಿಹೋಗಿ, ಮತ್ತೆ ತಿರುಗಿ ಬಂದರು. "ಯಾವ ರೈತ ಸಂಘಕ್ಕೆ ಸೇರಿದ್ರಿ ಸಾರ್? ಹಸಿರು ಶಾಲೂ ಕೊಟ್ರಾ?"

ಮೊನ್ನೆ ಮೊಮ್ಮಗಳ ಕಾಲೇಜಿನಲ್ಲಿ ಬೀಳ್ಕೊಡುಗೆ ಸಮಾರಂಭ. ಹುಡುಗಿ ಕಪ್ಪು. ಬೆಳ್ಳಗೆ ಕಾಣಲಿ ಎಂದು ಸೊಸೆ ತಿಳಿಗುಲಾಬಿ ಸೀರೆ ತಂದಿದ್ದಳು. ಅದನ್ನು ಉಟ್ಟು ಕನ್ನಡಿ ನೋಡಿಕೊಂಡ ಹುಡುಗಿ ಬಿಚ್ಚಿ ಎಸೆದು ಕೂತುಬಿಟ್ಟಳು. "ಫೋಟೋದಲ್ಲಿ ಎಲ್ಲರೂ ನನ್ನೇ ನೋಡಿ ನಗ್ತಾರೆ ತಾತ. ನಾನು ಹೋಗಲ್ಲ." ಮೂರು ವರ್ಷ ಓದಿದ ಕಾಲೇಜಿನ ಕೊನೆಯ ದಿನಕ್ಕೇ ಹೋಗುವುದಿಲ್ಲವಂತೆ!

ಚಿಕ್ಕಮ್ಮ ಆ ಸೀರೆಯ ಮೇಲೆ ರಾಗಿ ಸುರಿದಳು. ಇಲಿ ಹಿಕ್ಕೆಯ ಹಾಗೆ ಕಂಡಿತು! ಆಮೇಲೆ ತನ್ನ ಪೆಟ್ಟಿಗೆಯಿಂದ ಮಡಿಕೆ ಮುರಿಯದ ಅರಿಶಿನ ಬಣ್ಣದ ಸೀರೆ ತೆಗೆದು ಅದರ ಮೇಲೂ ಸುರಿದಳು. ಕಾಳುಗಳು ಕೆಂಪಗೆ ಹೊಳೆದವು.

"ನೋಡವ್ವ, ತಪ್ಪು ರಾಗೀದಲ್ಲ, ಸೀರೇದು."

ಹುಡುಗಿ ಹೋದಳು. ಸಂಜೆ ಬಂದವಳು ಫೋನು ತೋರಿಸಿದಳು. ಎಲ್ಲರ ನಡುವೆ ನಿಂತು ಹಲ್ಲು ಬಿಟ್ಟು ನಗುತ್ತಿದ್ದಾಳೆ!

ಚಿಕ್ಕಮ್ಮ ಬಹಳ ಹೊತ್ತು ನೋಡಿದಳು. "ನನ್ ಮದ್ವೇಲೂ ತಿಳಿಗುಲಾಬಿನೇ ಉಡ್ಸಿದ್ರು. ಮೇಲೆ ಪೌಡರ್ ಬೇರೆ ಮೆತ್ತಿದ್ರು. ಆ ಪಟದಾಗಿರೋಳು ಯಾರೋ, ನಂಗೇ ಗೊತ್ತಾಗಲ್ಲ ಕಣಮ್ಮ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಆ ದಿನ ಅವಳ ಮುಖ ನೋಡಿ "ಹಿಟ್ಟಿನ ಗೊಂಬೆ" ಎಂದು ಚಪ್ಪರದವರನ್ನೆಲ್ಲ ನಗಿಸಿದ ಹುಡುಗ ನಾನೇ.

ಮೊಮ್ಮಗಳು ತನ್ನ ಸೆರಗನ್ನು ಬಿಡಿಸಿ ಚಿಕ್ಕಮ್ಮನ ಹೆಗಲಿಗೂ ಹೊದಿಸಿದಳು. ಇಬ್ಬರ ಫೋಟೋ ತೆಗೆಯಲು ಫೋನು ನನ್ನ ಕೈಗೆ ಬಂತು. ಚಿಕ್ಕಮ್ಮ ನಾಚಿ ತಲೆ ತಗ್ಗಿಸಿದಳು.

"ಮುಖ ಎತ್ತು ಚಿಕ್ಕಮ್ಮ" ಎಂದೆ. "ನಾವು ನೋಡ್ಬೇಕು."

ಎತ್ತಿದಳು.