ನಾಲ್ಕು ಬಲ್ಬಿನ ಕೆಳಗೆ ಕೂತ ಹುಡುಗ

ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನಂಬುವ ಆಸಾಮಿ ನಾನಲ್ಲ. ಹಾಲಿನ ಬಾಟಲಿಯ ತಾರೀಖನ್ನು ಅಂಗಡಿಯಲ್ಲೊಮ್ಮೆ ಓದುತ್ತೇನೆ, ಮನೆಗೆ ಬಂದು ಇನ್ನೊಮ್ಮೆ ಓದುತ್ತೇನೆ. ‘ಸಕ್ಕರೆ ಸೇರಿಸಿಲ್ಲ’ ಎಂದು ಬರೆದ ಜ್ಯೂಸು ಸಿಹಿಯಾಗಿದ್ದರೆ, ಸಕ್ಕರೆ ತಾನಾಗಿಯೇ ನಡೆದುಕೊಂಡು ಬಂದು ಒಳಗೆ ಇಳಿಯಿತೇ ಎಂದು ಕೇಳುತ್ತೇನೆ. ಇದನ್ನು ಕೆಲವರು ಕಾಯಿಲೆ ಎನ್ನುತ್ತಾರೆ. ಆದರೆ ನನ್ನ ಹೊಟ್ಟೆಪಾಡೇ ಇದು. ಅಬುಧಾಬಿಯ ಒಂದು ಕಾರ್ಖಾನೆಯಲ್ಲಿ ನಾನು ಗುಣಮಟ್ಟ ಪರೀಕ್ಷಕ. ಬಂದ ಪೈಪುಗಳನ್ನೆಲ್ಲ ಅನುಮಾನಿಸಲೆಂದೇ ನನಗೆ ಸಂಬಳ. ಬೆಳಗ್ಗಿನಿಂದ ಸಂಜೆಯ ತನಕ ಪೈಪುಗಳನ್ನು ಗುಮಾನಿಯಿಂದ ನೋಡಿದವನು ಮನೆಯ ಹೊಸ್ತಿಲು ದಾಟಿದ ಕೂಡಲೇ ಸಾಧುವಾಗಿಬಿಡಬೇಕೆಂದು ನನ್ನ ಹೆಂಡತಿ ಸುಮನಾಳ ಆಸೆ. ನಾಯಿಬಾಲ ಡೊಂಕು ಎಂದು ದಿನಕ್ಕೊಮ್ಮೆ ಹೇಳುವವಳೂ ಅವಳೇ. ಗೊತ್ತಿದ್ದೂ ಈ ಆಸೆ ಯಾಕೋ ತಿಳಿಯದು.

ನಾವಿರುವುದು ಮೊಹಮ್ಮದ್ ಬಿನ್ ಜಾಯೆದ್ ಸಿಟಿ ಎಂಬ ಬಡಾವಣೆಯಲ್ಲಿ, ಒಂದು ವಿಲ್ಲಾದ ಮಹಡಿಯ ಭಾಗದಲ್ಲಿ. ಹಾಲಿನ ಛಾವಣಿಗೆ ನಾಲ್ಕು ಹೋಲ್ಡರುಗಳಿವೆ. ಮೊದಲು ಅವುಗಳಲ್ಲಿ ಗಾಜಿನ ಬುರುಡೆಯ ಹಳೆಯ ಬಲ್ಬುಗಳಿದ್ದವು. ಬೆಳಕಿಗಿಂತ ಬಿಸಿಯನ್ನೇ ಧಾರಾಳವಾಗಿ ಕೊಡುತ್ತಿದ್ದವು. ಹೊರಗೆ ಮರಳುಗಾಡಿನ ಸೆಕೆ, ಒಳಗೆ ಬಲ್ಬಿನ ಕಾವು, ನಡುವೆ ಏಸಿ ಬಡಪಾಯಿಯ ಹಾಗೆ ಏದುಸಿರು ಬಿಡುತ್ತಿತ್ತು. ಆಮೇಲೆ ಒಂದು ವರ್ಷ ಆ ಬಲ್ಬುಗಳು ಅಂಗಡಿಗಳಿಂದಲೇ ಮಾಯವಾದವು. ಇನ್ನು ಮುಂದೆ ವಿದ್ಯುತ್ ಉಳಿಸುವವೇ ಸಿಗುವುದು, ಅದರಲ್ಲೂ ಎಲ್‌ಇಡಿ ಎಲ್ಲಕ್ಕಿಂತ ಒಳ್ಳೆಯದು ಎಂದು ಎಲ್ಲರೂ ಹೇಳತೊಡಗಿದರು. ಎಲ್ಲರೂ ಒಂದೇ ಮಾತು ಹೇಳಿದರೆ ನನಗೆ ಮೊದಲು ಬರುವುದು ಗುಮಾನಿ.

ಡಬ್ಬಿಯ ಮೇಲಿನ ಒಕ್ಕಣೆ ಆ ಗುಮಾನಿಗೆ ತುಪ್ಪ ಸುರಿಯಿತು. ಒಂಬತ್ತು ವ್ಯಾಟಿನ ಈ ಬಲ್ಬು ಅರವತ್ತು ವ್ಯಾಟಿನ ಹಳೆಯ ಬಲ್ಬಿಗೆ ಸಮವಂತೆ! ಐದಡಿ ಹುಡುಗನನ್ನು ಆರಡಿ ಎಂದು ದಾಟಿಸುವ ಮದುವೆ ದಲ್ಲಾಳಿಯೂ ಇಷ್ಟು ಧೈರ್ಯ ಮಾಡಲಿಕ್ಕಿಲ್ಲ. ಅದರ ಕೆಳಗೆ, ಇದು ಇಷ್ಟು ಸಾವಿರ ಗಂಟೆ ಬಾಳುತ್ತದೆ ಎಂಬ ಭರವಸೆ. ಅಷ್ಟು ಹೊತ್ತು ಅದರ ಮುಂದೆ ಕೂತು ಲೆಕ್ಕ ಹಾಕಿದವನು ಯಾರು? ಬಲ್ಬು ಅದಕ್ಕೂ ಮೊದಲೇ ಕಣ್ಣು ಮುಚ್ಚಿದರೆ ದೂರಲು ಆ ಅಂಗಡಿ ಅಲ್ಲೇ ಇರುತ್ತದೆಯೇ? ಅಂಗಡಿ ಇದ್ದರೂ ನಮ್ಮ ವೀಸಾ ಇರುತ್ತದೆಯೇ? ಇನ್ನು ಬಣ್ಣದ ಪ್ರಶ್ನೆ ಬೇರೆ. ಬೆಚ್ಚಗಿನ ಬಿಳಿ, ತಂಪು ಬಿಳಿ, ಹಗಲಿನ ಬಿಳಿ. ಮೂರಕ್ಕೂ ಒಂದೊಂದು ಸಂಖ್ಯೆ. ಸಂಖ್ಯೆ ಹೆಚ್ಚಿದಷ್ಟೂ ಬೆಳಕು ನೀಲಿಗೆ ತಿರುಗುತ್ತದಂತೆ, ಕಮ್ಮಿಯಾದಷ್ಟೂ ಹಳದಿಗೆ. ಬಿಳಿ ಅಂದರೆ ಬಿಳಿ ಎಂದುಕೊಂಡಿದ್ದ ನನಗೆ ಇದರಲ್ಲೇನೋ ಒಳಸಂಚು ಕಂಡಿತು.

ಆಫೀಸಿನಲ್ಲಿ ಯಾರೋ ಒಂದು ಉಪಾಯ ಹೇಳಿದರು. ಉರಿಯುವ ಬಲ್ಬಿನ ಕಡೆ ಮೊಬೈಲಿನ ಕ್ಯಾಮೆರಾ ಹಿಡಿಯಬೇಕು. ಪರದೆಯ ಮೇಲೆ ಕರಿಪಟ್ಟಿಗಳು ಓಡಿದರೆ ಬಲ್ಬು ಕಳಪೆ, ಕಣ್ಣಿಗೆ ಕಾಣದ ಹಾಗೆ ಮಿಣುಕುತ್ತಿದೆ ಎಂದು ಅರ್ಥ. ಕಣ್ಣಿಗೆ ಕಾಣದ ದೋಷವನ್ನು ಹಿಡಿಯುವ ಯಂತ್ರ ಜೇಬಿನಲ್ಲೇ ಇದೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಅದೇ ವಾರದ ರಜೆಯಲ್ಲಿ ಹೆಂಡತಿ, ಮಗಳನ್ನು ಕೂರಿಸಿಕೊಂಡು ದುಬೈಯ ದೇರಾ ಪೇಟೆಗೆ ಹೊರಟೆ. ಮನೆಯ ಹತ್ತಿರದ ಅಂಗಡಿಯಲ್ಲಿ ಬಲ್ಬು ಸಿಗುವುದಿಲ್ಲವೇ ಎಂದು ಸುಮನಾ ಕೇಳಿದಳು. ಹತ್ತಿರದವನು ನಮ್ಮ ಪರಿಚಯದವನು, ಪರಿಚಯದವರೇ ಮೊದಲು ಮೋಸ ಮಾಡುವುದು ಎಂದೆ. ಅವಳು ಕಿಟಕಿಯಿಂದ ಹೊರಗೆ ನೋಡತೊಡಗಿದಳು.

ದೇರಾದ ಆ ಹೋಲ್‌ಸೇಲ್ ಅಂಗಡಿಯವನು ಕಾಸರಗೋಡಿನವನು, ಕನ್ನಡ ಚೆನ್ನಾಗಿ ಬರುತ್ತಿತ್ತು. ನಾನು ಒಂದೊಂದೇ ಬಲ್ಬನ್ನು ಉರಿಸಲು ಹೇಳಿ, ಮೊಬೈಲ್ ಹಿಡಿದು, ತಲೆ ಅಲ್ಲಾಡಿಸಿ, ಮುಂದಿನದು ಎನ್ನುತ್ತಿದ್ದೆ. ಮೊದಮೊದಲು ಅವನೂ ಉತ್ಸಾಹದಿಂದ ಉರಿಸಿದ. ಕೊನೆಗೆ ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಎಂತ ಸಾರ್, ಬಲ್ಬಿನ ಜಾತಕ ನೋಡುದಾ ನೀವು? ಮನೆಗೆ ಸೊಸೆ ತರುವಾಗಲೂ ಇಷ್ಟು ನೋಡುದಿಲ್ಲ ಮಾರಾಯ್ರೇ,” ಎಂದ. ಯಾವುದು ಒಳ್ಳೆಯದು ಎಂದು ನೀವೇ ಹೇಳಿ ಎಂದೆ. “ಹಾಲಿಗಾ? ನಾಲ್ಕೂ ಒಂದೇ ಕಂಪೆನಿದು, ಬೆಚ್ಚಗಿನ ಬಿಳಿ ತಗೊಳ್ಳಿ. ಖಲಾಸ್,” ಎಂದ. ಇಷ್ಟು ಬೇಗ ಉತ್ತರ ಕೊಡುತ್ತಾನೆಂದರೆ ಆ ಕಂಪೆನಿಯ ಮಾಲು ಗೋದಾಮಿನಲ್ಲಿ ಕೊಳೆಯುತ್ತಿರಬೇಕು. ನಾನು ಆ ಬಲೆಗೆ ಬೀಳಲಿಲ್ಲ. ನಾಲ್ಕು ಬೇರೆ ಬೇರೆ ಕಂಪೆನಿಗಳಿಂದ ಬೇರೆ ಬೇರೆ ಬಿಳಿಯ ಒಂದೊಂದು ಬಲ್ಬು ಕೊಂಡೆ. ಒಬ್ಬನನ್ನೇ ನಂಬಿದರೆ ಮೋಸ ಖಾತರಿ, ನಾಲ್ವರಲ್ಲಿ ಒಬ್ಬನಾದರೂ ಸತ್ಯವಂತ ಇದ್ದಾನು ಎಂಬುದು ನನ್ನ ತರ್ಕ. ಅವುಗಳಲ್ಲಿ ಒಂದು ಕ್ಯಾಮೆರಾದ ಪರೀಕ್ಷೆಯಲ್ಲಿ ಫೇಲಾದದ್ದೇ. ಉಳಿದ ಮೂರರ ಯೋಗ್ಯತೆ ಅಳೆಯಲು ಪಕ್ಕದಲ್ಲೊಬ್ಬ ಕಳ್ಳನೂ ಇರಲಿ ಎಂದು ಬೇಕೆಂದೇ ತಂದೆ.

ನಾಲ್ಕನ್ನೂ ಹಾಕಿ ಸ್ವಿಚ್ ಒತ್ತಿದಾಗ ಹಾಲಿನ ಒಂದು ಮೂಲೆ ಅರಿಸಿನ ನೀರು ಚೆಲ್ಲಿದ ಹಾಗೆ ಹಳದಿ, ಎದುರಿನ ಮೂಲೆ ಆಸ್ಪತ್ರೆಯ ಹಾಗೆ ನೀಲಿ, ಮಧ್ಯೆ ಅದೂ ಅಲ್ಲದ ಇದೂ ಅಲ್ಲದ ಒಂದು ಬೂದು. ಮಗಳು ಅನ್ವಿ ಪುಸ್ತಕದಿಂದ ತಲೆಯೆತ್ತಿ, “ಪಪ್ಪಾ, ಇಟ್ಸ್ ಸೋ ವಿಯರ್ಡ್,” ಎಂದು ತನ್ನ ಕೋಣೆಗೆ ಎದ್ದು ಹೋದಳು. ಸುಮನಾ ಒಂದೇ ವಾರದಲ್ಲಿ ಹಣೆ ಒತ್ತಿಕೊಳ್ಳತೊಡಗಿದಳು. “ಕಣ್ಣು ಉರೀತದೆ ಮಾರಾಯ್ರೇ. ನಾಲ್ಕೂ ಒಂದೇ ಥರದ್ದು ಹಾಕಿ ಒಮ್ಮೆ ಮುಗಿಸಿ,” ಎಂದಳು. ಇದು ಪರೀಕ್ಷಾ ಅವಧಿ, ಯಾವುದು ಮೊದಲು ಸಾಯುತ್ತದೆ ಎಂದು ನೋಡಬೇಕು ಎಂದು ವಿವರಿಸಿದೆ. ಅದಕ್ಕಿಂತ ಮೊದಲು ನಾನೇ ಸಾಯುತ್ತೇನೆ ಎಂದಳು. ಅಂಥ ಮಾತನ್ನು ನಾನು ಅಂಕಿಅಂಶಗಳಿಲ್ಲದೆ ಒಪ್ಪುವುದಿಲ್ಲ.

ಇಷ್ಟರಲ್ಲೇ ಇದ್ದಿದ್ದರೆ ಇದು ಬರೀ ತಲೆನೋವಿನ ಕತೆಯಾಗುತ್ತಿತ್ತು. ಆದರೆ ಸುಮನಾಳಿಗೆ ಪ್ರಶಾಂತನೆಂಬ ತಮ್ಮನಿದ್ದಾನೆ. ರುವೈಸ್ ಎಂಬ ಊರಿನ ತೈಲ ರಿಫೈನರಿಯಲ್ಲಿ ಎಂಜಿನಿಯರ್, ಕಂಪೆನಿಯ ಮನೆಯಲ್ಲಿ ವಾಸ, ಬಂಗಾರದಂಥ ಹುಡುಗ. ಮದುವೆ ಮಾತ್ರ ಆಗುತ್ತಿರಲಿಲ್ಲ. ಒಂದು ಕಾಲದಲ್ಲಿ ನಮ್ಮ ಉಡುಪಿ ಕಡೆ ಗಲ್ಫಿನ ಹುಡುಗ ಎಂದರೆ ಹೆಣ್ಣಿನ ಅಪ್ಪಂದಿರು ಚಪ್ಪಲಿ ಹಾಕದೆ ಓಡಿ ಬರುತ್ತಿದ್ದರು. ಈಗ, “ಗಲ್ಫಾ? ಆಮೇಲೆ ನೋಡುವ,” ಎನ್ನುತ್ತಾರೆ. ಬಂದ ಸಂಬಂಧಗಳೆಲ್ಲ ಒಂದಲ್ಲ ಒಂದು ಕಾರಣಕ್ಕೆ ಜಾರಿಹೋಗಿ, ಊರಿನಲ್ಲಿ ಅತ್ತೆಯವರು ಫೋನೆತ್ತಿದರೆ ಅಳುವುದೊಂದೇ ಬಾಕಿ ಎಂಬಂತಾಗಿತ್ತು. ಹಾಗಿರುವಾಗ ಕಾರ್ಕಳದ ಶ್ರಾವ್ಯಾ ಎಂಬ ಹುಡುಗಿಯ ಕಡೆಯವರು, ಮೊದಲು ಕಂಪ್ಯೂಟರಿನಲ್ಲಿ ಮುಖ ನೋಡಿ ಮಾತಾಡೋಣ, ಸರಿ ಕಂಡರೆ ಹುಡುಗ ಊರಿಗೆ ಬರಲಿ ಎಂದರು. ಒಂಟಿ ಹುಡುಗ ಖಾಲಿ ಮನೆಯಲ್ಲಿ ಕೂತು ಮಾತಾಡಿದರೆ ಚಂದವಲ್ಲ, ಹಿರಿಯರು ಜೊತೆಗಿರಬೇಕು ಎಂದು ರಜೆಯ ದಿನವಾದ ಶುಕ್ರವಾರ ನಮ್ಮ ಮನೆಯಲ್ಲೇ ಕಾರ್ಯಕ್ರಮ ಗೊತ್ತಾಯಿತು. ಸುಮನಾ ಬೆಳಗ್ಗೆಯೇ ದೇವರಿಗೆ ದೀಪ ಹಚ್ಚಿ, “ಇವತ್ತು ಒಂದು ದಿನ ನೀವು ಯಾರನ್ನೂ ಎಂತದೂ ಕೇಳ್ಬೇಡಿ, ನಿಮ್ಮ ಕೈ ಮುಗೀತೇನೆ,” ಎಂದಳು. ಅವಳ ಕಣ್ಣು ಒದ್ದೆಯಾಗಿತ್ತು. ಏನೂ ಕೇಳುವುದಿಲ್ಲ ಎಂದು ಮನಸಾರೆ ಮಾತು ಕೊಟ್ಟೆ.

ನಾನು ಕೇಳಲೂ ಇಲ್ಲ. ಕೇಳಿದವರು ಹುಡುಗಿಯ ತಂದೆ. ಅವರು ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ನಡುದಾರಿಯಲ್ಲಿ ಬಸ್ಸು ಹತ್ತಿ ಎಲ್ಲರ ಮುಖವನ್ನೂ ಕಳ್ಳನ ಮುಖವೆಂದು ನೋಡಿದ ಆ ಕಣ್ಣುಗಳನ್ನು ಲ್ಯಾಪ್‌ಟಾಪಿನ ಪರದೆಯ ಮೇಲೆ ಕಂಡ ಕೂಡಲೇ ನನಗೆ ಒಬ್ಬ ಸಹೋದರ ಸಿಕ್ಕ ಹಾಗಾಯಿತು. ಬಿಸಿಲಿಗೆ ಹೆದರಿ ನಾವು ಕಿಟಕಿಯ ದಪ್ಪ ಪರದೆಗಳನ್ನು ಎಳೆದು, ನಾಲ್ಕೂ ಬಲ್ಬು ಹಾಕಿ, ಪ್ರಶಾಂತನನ್ನು ಇಸ್ತ್ರಿ ಮಾಡಿದ ಅಂಗಿಯಲ್ಲಿ ಸೋಫಾದ ಮೇಲೆ ಕೂರಿಸಿದ್ದೆವು. ನಮಸ್ಕಾರಗಳು ಮುಗಿದವು. ಅವರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಾಗಿ, “ಅಲ್ಲ, ಹುಡುಗ ಸ್ವಲ್ಪ ಹಳದಿ ಕಾಣ್ತಾನಲ್ಲ? ಹೊರಗಿನ ಊಟ ಜಾಸ್ತಿಯಾ? ಕಾಮಾಲೆ ಗೀಮಾಲೆ ಆಗಿತ್ತಾ?” ಎಂದರು.

ಅದು ಬಲ್ಬಿನ ಬಣ್ಣ ಎಂದು ನಾನು ತಕ್ಷಣ ಹೇಳಿದೆ. ಅವರು, “ಹೌದಾ,” ಎಂದರು. ಆ ‘ಹೌದಾ’ ಎಂಥದ್ದೆಂದು ನನಗೆ ಗೊತ್ತು. ದಿನವೂ ಪೈಪು ತಂದವರಿಗೆ ನಾನು ಹೇಳುವುದೂ ಅದನ್ನೇ. ಪ್ರಶಾಂತನನ್ನು ಸೋಫಾದ ಇನ್ನೊಂದು ತುದಿಗೆ ಸರಿಸಿದೆ. “ಈಗ ನೀಲಿ ಆಯ್ತಲ್ಲ,” ಎಂದರು ಅವರು. “ಉಸಿರಾಟ ಎಲ್ಲ ಸರಿ ಉಂಟಲ್ವಾ?” ಮಧ್ಯಕ್ಕೆ ತಂದು ಕೂರಿಸಿದರೆ ಎಡಗೆನ್ನೆ ಹಳದಿ, ಬಲಗೆನ್ನೆ ನೀಲಿ. ಯಕ್ಷಗಾನದ ಬಣ್ಣದ ವೇಷ ಅರ್ಧ ಬರೆದು ಚಹಾ ಕುಡಿಯಲು ಎದ್ದು ಬಂದ ಹಾಗೆ ಕಾಣುತ್ತಿದ್ದ ಪಾಪ. ಆಗ ನಾನು ಗಲ್ಫಿನಲ್ಲಿರುವವರು ಮಾತ್ರ ಮಾಡಬಹುದಾದ ಒಂದು ತಪ್ಪು ಮಾಡಿದೆ. “ಇವನ ವೀಸಾ ಮೆಡಿಕಲ್ ಪ್ರತಿ ಸಲ ಪಾಸಾಗಿದೆ! ಎದೆಯ ಎಕ್ಸ್‌ರೇ, ರಕ್ತ ಎಲ್ಲ ನೋಡ್ತಾರೆ. ಏನಾದ್ರೂ ಇದ್ದಿದ್ರೆ ಯಾವಾಗಲೋ ವಿಮಾನ ಹತ್ತಿಸಿ ಊರಿಗೆ ಕಳಿಸ್ತಿದ್ರು!” ಎಂದುಬಿಟ್ಟೆ. ನಮಗಿಲ್ಲಿ ಅದಕ್ಕಿಂತ ದೊಡ್ಡ ಸರ್ಟಿಫಿಕೇಟಿಲ್ಲ. ಹುಡುಗಿಯ ತಾಯಿ ಗಂಡನ ಕಿವಿಯಲ್ಲಿ ಏನೋ ಪಿಸುಗುಟ್ಟಿದರು. ಕೇಳದೆ ರಕ್ತಪರೀಕ್ಷೆಯ ಸುದ್ದಿ ಹೇಳುವವರ ಬಗ್ಗೆ ನಾನಾದರೂ ಏನೆಂದುಕೊಳ್ಳುತ್ತಿದ್ದೆ?

ಸುಮನಾ ನನ್ನ ಅಂಗಿ ಜಗ್ಗುತ್ತಿದ್ದಳು. ಕೈಯಾರೆ ಕೆಡಿಸಿದ್ದನ್ನು ಕೈಯಾರೆ ಸರಿಪಡಿಸಬೇಕೆಂದು ನಾನು ಸ್ಟೂಲು ಹತ್ತಿದೆ. ಮೊದಲು ಹಳದಿಯನ್ನು ಬಿಚ್ಚಿದೆ, ಆಮೇಲೆ ನೀಲಿಯನ್ನು, ಆಮೇಲೆ ಗಡಿಬಿಡಿಯಲ್ಲಿ ಮೂರನೆಯದನ್ನೂ. ಉಳಿದದ್ದು ಪರೀಕ್ಷೆಯಲ್ಲಿ ಫೇಲಾದ ಆ ಕಳ್ಳ ಬಲ್ಬೊಂದೇ. ಲ್ಯಾಪ್‌ಟಾಪಿನಲ್ಲಿ ಕಾಣುತ್ತಿದ್ದ ಪ್ರಶಾಂತನ ಮುಖದ ಮೇಲಿಂದ ಕೆಳಕ್ಕೆ ಕರಿಪಟ್ಟಿಗಳು ಸಾಲಾಗಿ ಇಳಿಯತೊಡಗಿದವು. ಪಾಪದ ಹುಡುಗ ಜೈಲಿನ ಸರಳುಗಳ ಹಿಂದೆ ಕೂತ ಹಾಗಿದ್ದ. ನಾನು ಸ್ಟೂಲಿನ ಮೇಲಿಂದಲೇ, “ನೋಡಿದ್ರಾ! ನಾನು ಹೇಳಿರ್ಲಿಲ್ವಾ, ಇದು ಕಳಪೆ ಅಂತ!” ಎಂದು ಕೂಗಿದೆ. ನನ್ನ ಮಾತು ಬಲ್ಬಿನ ಬಗ್ಗೆ ಎಂದು ಕಾರ್ಕಳದಲ್ಲಿ ಯಾರಿಗೂ ತಿಳಿಯುವಂತಿರಲಿಲ್ಲ. ಹುಡುಗಿಯ ತಂದೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಸುಮನಾ ಸೆರಗನ್ನು ಬಾಯಿಗೊತ್ತಿಕೊಂಡಳು. ಇನ್ನೊಂದು ಸಂಬಂಧ ಜಾರಿತು, ಈ ಸಲ ಜಾರಿಸಿದವನು ನಾನೇ ಎಂದು ನನಗೆ ಸ್ಟೂಲಿನ ಮೇಲೆಯೇ ಖಾತರಿಯಾಯಿತು.

ಆಗ ಅಷ್ಟು ಹೊತ್ತು ಸುಮ್ಮನಿದ್ದ ಹುಡುಗಿ ಮಾತಾಡಿದಳು. “ಅಲ್ಲಿ ಕಿಟಕಿ ಇಲ್ವಾ?” ಅಷ್ಟೇ ಕೇಳಿದ್ದು. ಪ್ರಶಾಂತ ಎದ್ದು ಕಿಟಕಿಯ ಪರದೆ ಸರಿಸಿದ. ಸಂಜೆಯ ಬಿಸಿಲು ಹಾಲಿನ ತುಂಬ ಬಂತು. ಅವನ ಮುಖ ದೇವರು ಕೊಟ್ಟ ಬಣ್ಣದಲ್ಲಿ ಕಂಡಿತು. ಹುಡುಗಿ ನಕ್ಕಳು, ಅವನೂ ನಕ್ಕ. ತಾವಿಬ್ಬರೇ ಸ್ವಲ್ಪ ಮಾತಾಡಬಹುದೇ ಎಂದು ಅವಳು ಕೇಳಿದಾಗ, ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡ. ಆ ಸೆಕೆಯಲ್ಲಿ ಬೆವರುತ್ತ, ನಗುತ್ತ ಬಹಳ ಹೊತ್ತು ಮಾತಾಡಿದ. ನಾನು ಸ್ಟೂಲಿನಿಂದ ಇಳಿದೆ. ನನಗೆ ಚಹಾ ಸಿಗಲಿಲ್ಲ.

ಕೆಲವು ದಿನ ಕಳೆದು ಕಾರ್ಕಳದಿಂದ ಒಪ್ಪಿಗೆ ಬಂತು. ಸುಮನಾ ಫೋನ್ ಹಿಡಿದುಕೊಂಡೇ ಅತ್ತಳು, ಊರಿನಲ್ಲಿ ಅತ್ತೆಯವರು ಅತ್ತರು. ನಾನೂ ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಆದರೆ ತೊಳೆದುಕೊಳ್ಳುತ್ತಿರುವಾಗಲೇ ಗುಮಾನಿ ಶುರುವಾಯಿತು. ಇಷ್ಟೆಲ್ಲ ರಾದ್ಧಾಂತ ನೋಡಿದ ಮೇಲೂ ಒಪ್ಪಿದರೆಂದರೆ ಅವರ ಕಡೆ ಏನೋ ಇರಬೇಕು. ಟಿಕೆಟ್ ತಪಾಸಣೆಯವರು ಇಷ್ಟು ಸುಲಭಕ್ಕೆ ಬಿಡುವವರೇ? ಸುಮನಾಳಿಗೆ ಹೇಳಿದರೆ, “ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ. ಕಾಮಾಲೆ ಇರುವುದು ಯಾರಿಗೆ ಅಂತ ಅವರಿಗೆ ಗೊತ್ತಾಗಿದೆ,” ಎಂದಳು. ಮದುವೆ ಆಯಿತು. ಮಂಟಪದಲ್ಲಿ ನಾನು ಎಷ್ಟು ಹುಡುಕಿದರೂ ಒಂದು ದೋಷವೂ ಸಿಗಲಿಲ್ಲ. ಅದೇ ನನ್ನನ್ನು ಇನ್ನಷ್ಟು ಕಾಡಿತು.

ಶ್ರಾವ್ಯಾ ರುವೈಸಿಗೆ ಬಂದು ಸಂಸಾರ ಹೂಡಿದ ಮೇಲೆ ನಮ್ಮನ್ನು ಊಟಕ್ಕೆ ಕರೆದಳು. ಹಾಲಿನಲ್ಲಿ ಎಲ್ಲವೂ ಒಂದೇ ಬಗೆಯ ಬೆಚ್ಚಗಿನ ಬೆಳಕು, ಅಡುಗೆಮನೆಯಲ್ಲಿ ಮಾತ್ರ ತರಕಾರಿ ಚೆನ್ನಾಗಿ ಕಾಣಲೆಂದು ಬಿಳಿ. ಸುಮನಾ ಸೋಫಾದಲ್ಲಿ ಒರಗಿ, ಇಲ್ಲಿ ಕಣ್ಣಿಗೆ ಎಷ್ಟು ಹಿತ ಎಂದು ನನಗೆ ಕೇಳುವ ಹಾಗೆ ಹೇಳಿದಳು. ಊಟವಾಗಿ ಎಲ್ಲರೂ ಖುಷಿಯಲ್ಲಿದ್ದಾಗ ನಾನು ತಡೆಯಲಾರದೆ ಶ್ರಾವ್ಯಾಳನ್ನು ಕೇಳಿಯೇಬಿಟ್ಟೆ: “ಅಲ್ಲಮ್ಮ, ಅವತ್ತು ಹಳದಿ, ನೀಲಿ, ಪಟ್ಟೆ ಎಲ್ಲ ನೋಡಿದ ಮೇಲೂ ನಿನಗೆ ಪ್ರಶಾಂತನ ಮೇಲೆ ಅನುಮಾನ ಬರಲಿಲ್ವಾ?”

“ಇವರ ಮೇಲೆ ಎಂತಕ್ಕೆ ಅಣ್ಣ?” ಎಂದಳು ಅವಳು, ಪಾಯಸ ಬಡಿಸುತ್ತ. “ಅಪ್ಪನಿಗೂ ಇವರ ಮೇಲೆ ಬರ್ಲಿಲ್ಲ. ಸ್ಟೂಲಿನ ಮೇಲೆ ನಿಂತು ಕೂಗ್ತಾ ಇದ್ರಲ್ಲ, ಅವರ ಮೇಲೆ ಬಂದದ್ದು. ಬಾಲ್ಕನಿಗೆ ಹೋದ ಮೇಲೆ ನಾನು ಇವರ ಹತ್ರ ಮೊದಲು ಕೇಳಿದ್ದೇ ಅದು. ಅವರು ಯಾವಾಗ್ಲೂ ನಿಮ್ಮ ಜೊತೆಯಲ್ಲೇ ಇರ್ತಾರಾ ಅಂತ. ಇಲ್ಲ, ಅವರಿರುದು ಅಬುಧಾಬಿಯಲ್ಲಿ, ನಾನು ರುವೈಸ್, ಮಧ್ಯೆ ಎರಡು ಗಂಟೆ ದಾರಿ ಬರೀ ಮರಳುಗಾಡು ಅಂದ್ರು. ಮತ್ತೆ ನಾನು ಯೋಚನೆ ಮಾಡ್ಲಿಲ್ಲ.”

ಪ್ರಶಾಂತನಿಗೆ ನಗುವಿನಲ್ಲಿ ನೆತ್ತಿ ಹತ್ತಿತು. ಅನ್ವಿ, “ಸ್ಮಾರ್ಟ್!” ಎಂದಳು. ನಾನೂ ದೊಡ್ಡ ಮನಸ್ಸು ಮಾಡಿ ನಕ್ಕೆ. ವಾಪಸು ಬರುವಾಗ ಕಾರಿನಲ್ಲಿ ಸುಮನಾ ಕಿಟಕಿಗೆ ತಲೆಯೊರಗಿಸಿ ಕೂತಿದ್ದಳು. ಆ ಮರಳುಗಾಡನ್ನೇ ನೋಡುತ್ತಿದ್ದವಳು ಕೊನೆಗೆ, “ನಮ್ಮ ಕಾಲದಲ್ಲಿ ಹುಡುಗಿಯರಿಗೆ ಪ್ರಶ್ನೆ ಕೇಳ್ಲಿಕ್ಕೆ ಯಾರೂ ಬಿಡ್ತಿರ್ಲಿಲ್ಲ,” ಎಂದಳು. ಬಿಟ್ಟಿದ್ದರೆ ಏನು ಕೇಳುತ್ತಿದ್ದಳು ಎಂದು ತಿಳಿಯುವ ಆಸೆ ನನ್ನ ಗಂಟಲ ತನಕ ಬಂತು. ಜೀವನದಲ್ಲಿ ಮೊದಲ ಸಲ, ಇನ್ನಷ್ಟು ವಿಚಾರಿಸದೆ, ಸುಮ್ಮನೆ ಗಾಡಿ ಓಡಿಸಿದೆ.